ಬೋಲ್ಟ್ ಬಿಗಿ: ಮದ್ದು ಜಾಸ್ತಿಯಾಯ್ತಾ?

ಪ್ರಶ್ನೆ: ಸರ್, ನನ್ನದು .308 ಅಳತೆಯ ಬೋಲ್ಟ್ ರೈಫಲ್, ಹಿಡಿಯಿರುವ ಸರಳನ್ನು (ಬೋಲ್ಟ್) ಕೈಯಲ್ಲೇ ತಳ್ಳಿ ತೋಟಾ ಹಾಕಿ ಮುಚ್ಚುವಂಥದ್ದು. ಜಿಂಕೆ ಬೇಟೆಗೆ ತೋಟಾಗಳನ್ನು ನಾನೇ ತುಂಬಿಸಿಕೊಳ್ಳುತ್ತೇನೆ. ಇದೇ ರೈಫಲಿನಲ್ಲಿ ಹಾರಿಸಿದ ಕೇಸುಗಳು (ತೋಟಾದ ಹಿತ್ತಾಳೆ ಕೋಶಗಳು), ಹಾಗಾಗಿ ಪ್ರತಿ ಸಲ ಕತ್ತನ್ನಷ್ಟೇ ಮತ್ತೆ ಅಳತೆಗೆ ತರುವ ಅಚ್ಚು, ನೆಕ್ ಡೈ ಮಾತ್ರ ಬಳಸಿದ್ದೇನೆ. ಇದು ನಾಲ್ಕನೇ ತುಂಬು. ಗುರಿ ಚೆನ್ನಾಗಿದೆ, ಆದರೆ ಬೋಲ್ಟ್ ಬಿಗಿ. ಮದ್ದು ಜಾಸ್ತಿಯಾಯ್ತಾ? ಸೀಸನ್‌ಗೆ ಎರಡೇ ವಾರ ಇದೆ.

ಉತ್ತರ: ಯಾವಾಗ ಬಿಗಿ? ತೋಟಾ ಹಾಕಿ ಮುಚ್ಚುವಾಗಲೋ, ಹಾರಿಸಿ ಹಿಡಿ ಎತ್ತುವಾಗಲೋ?

ಪ್ರಶ್ನೆ: ಮುಚ್ಚುವಾಗ. ಅಂಗೈಯಲ್ಲಿ ಒತ್ತಿದರೇ ಹಿಡಿ ಕೆಳಗೆ ಬರುವುದು. ಎತ್ತುವಾಗ ಸಲೀಸು.

ಉತ್ತರ: ಹಾಗಾದರೆ ಮದ್ದನ್ನು ಸುಮ್ನೆ ಬೈಯಬೇಡಿ. ಎತ್ತುವಾಗ ಬಿಗಿ, ಕೇಸಿನ ತಳದಲ್ಲಿ ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆಸೆಯುವ ಭಾಗ) ಒತ್ತಿದ ಹೊಳೆಯುವ ಗುರುತು, ಇವೆರಡೂ ಇದ್ದರೆ ಒತ್ತಡ ಮಿತಿ ಮೀರಿದೆ ಎಂದೇ ಲೆಕ್ಕ. ಆಗ ಆ ತುಂಬಿನ ಒಂದೂ ಹಾರಿಸಬಾರದು. ನಿಮ್ಮದು ಕೇಸಿನ ಅಳತೆಯ ತೊಂದರೆ.

ಹಾರಿಸಿದಾಗಲೆಲ್ಲ ಕೇಸು ಉಬ್ಬಿ ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ಕೂರುತ್ತದೆ. ನೆಕ್ ಡೈ ಕತ್ತನ್ನಷ್ಟೇ ಹಿಡಿಯುತ್ತದೆ. ಅದರ ಕೆಳಗಿನ ಇಳಿಜಾರು, ನಾವು ಶೋಲ್ಡರ್ ಅನ್ನುವುದು, ಮುಂದೆ ಬಂದಲ್ಲೇ ಉಳಿಯುತ್ತದೆ. ಎರಡು ಮೂರು ಸಲ ಗೊತ್ತಾಗುವುದಿಲ್ಲ. ಆಮೇಲೆ ಹೀಗೆ ಹಿಡಿಯುತ್ತದೆ.

ಖಾತ್ರಿ ಮಾಡಿಕೊಳ್ಳಿ. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ತಳದ ಬಿಲ್ಲೆ) ಇಲ್ಲದ, ನೆಕ್ ಡೈಗೆ ಹಾಕಿದ ಖಾಲಿ ಕೇಸಿಗೆ ಕಪ್ಪು ಮಾರ್ಕರ್ ಬಳಿದು ಚೇಂಬರಿಗೆ ಹಾಕಿ, ಬೋಲ್ಟ್ ಮುಚ್ಚಿ ತೆಗೆಯಿರಿ. ಶೋಲ್ಡರಿನ ಸುತ್ತ ಬಣ್ಣ ಉಜ್ಜಿ ಹಿತ್ತಾಳೆ ಕಂಡರೆ ಅಲ್ಲೇ ಉತ್ತರ. ಬಾಯಂಚಿನಲ್ಲಿ ಉಜ್ಜಿದ್ದರೆ ಕೇಸು ಉದ್ದವಾಗಿದೆ. .308ಕ್ಕೆ ಗರಿಷ್ಠ 2.015 ಇಂಚು, 2.005ಕ್ಕೆ ಟ್ರಿಮ್ ಮಾಡಿ. ಈ ಉದ್ದವನ್ನು ಹಗುರವಾಗಿ ತಗೋಬೇಡಿ. ಬಾಯಿ ಚೇಂಬರಿನ ಅಂಚಿಗೆ ಸಿಕ್ಕಿ ಗುಂಡನ್ನು ಹಿಡಿದುಕೊಂಡರೆ ಒತ್ತಡ ಸಿಕ್ಕಾಪಟ್ಟೆ ಏರುತ್ತದೆ.

ಶೋಲ್ಡರ್ ಆದರೆ ಇಡೀ ಕೇಸನ್ನು ಅಳತೆಗೆ ತರುವ ಫುಲ್ ಲೆಂಗ್ತ್ ಡೈ ಬಳಸಿ. ಡೈಯನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ. ಶೋಲ್ಡರ್ 0.002 ಇಂಚು ಹಿಂದೆ ಹೋದರೆ ಸಾಕು. ಜಾಸ್ತಿ ತಳ್ಳಿದರೆ ಪ್ರತಿ ಸಲ ಕೇಸು ಎಳೆದುಕೊಂಡು ತಳದ ಹತ್ತಿರ ತೆಳುವಾಗುತ್ತದೆ. ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಒಳಗಿಟ್ಟು ಗೋಡೆಗುಂಟ ಎಳೆಯಿರಿ. ತಳದ ಬಳಿ ಗುಂಡಿಗೆ ಬಿದ್ದಂತೆ ತಟ್ಟಿದರೆ ಆ ಕೇಸು ಗುಜರಿಗೆ.

ಪ್ರಶ್ನೆ: ಈಗಾಗಲೇ ಇಪ್ಪತ್ತು ತುಂಬಿಸಿಟ್ಟಿದ್ದೇನೆ. ಅವನ್ನು ಹಾಗೇ ಡೈಗೆ ಹಾಕಬಹುದಾ?

ಉತ್ತರ: ಅಯ್ಯೋ, ಖಂಡಿತ ಬೇಡ! ಜೀವಂತ ತೋಟಾ ಡೈಯೊಳಗೆ ಹೋಗಲೇಬಾರದು. ಪುಲ್ಲರಿನಿಂದ ಗುಂಡು ತೆಗೆದು, ಮದ್ದು ಸುರಿದುಕೊಳ್ಳಿ. ಡೈಯ ಪ್ರೈಮರ್ ತಳ್ಳುವ ಪಿನ್ ಬಿಚ್ಚಿಟ್ಟು, ಕಣ್ಣಿಗೆ ಕನ್ನಡಕ ಹಾಕಿ, ಕೇಸಿಗೆ ಲೂಬ್ರಿಕೆಂಟ್ ಸವರಿ ನಿಧಾನವಾಗಿ ಸೈಜ್ ಮಾಡಿ. ಲೂಬ್ರಿಕೆಂಟ್ ಒರೆಸಿ ತೆಗೆದು ಆಮೇಲೆ ತುಂಬಿಸಿ. ಬೇಸರದ ಕೆಲಸ, ನಾನೂ ಒಂದು ಸಂಜೆಯಿಡೀ ಕೂತು ಐವತ್ತು ಬಿಚ್ಚಿದ್ದೇನೆ.

ಪ್ರಶ್ನೆ: ಫುಲ್ ಲೆಂಗ್ತ್ ಮಾಡಿದರೆ ಗುರಿ ಕೆಡುವುದಿಲ್ವಾ ಸರ್?

ಉತ್ತರ: ಕೆಟ್ಟರೆ ಕೂದಲೆಳೆಯಷ್ಟು. ಜಿಂಕೆಯ ಎದೆಯಲ್ಲಿ ಪ್ರಾಣ ಹೋಗುವ ಜಾಗ ಸುಮಾರು 8 ಇಂಚು ಅಗಲ. ನೂರು ಗಜದಲ್ಲಿ ಗುಂಡು ಚದುರುವುದು ಒಂದು ಇಂಚೋ, ಒಂದೂವರೆಯೋ, ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ಗಾಯಗೊಂಡ ಜಿಂಕೆ ಎದ್ದು ನಿಂತಿರುವಾಗ ಎರಡನೇ ತೋಟಾ ಒಳಗೆ ಹೋಗದಿದ್ದರೆ ಏನು ಮಾಡುತ್ತೀರಿ? ಹೊರಡುವ ಮುಂಚೆ ರೇಂಜಿನಲ್ಲಿ, ನಳಿಗೆ ಗುರಿದಿಬ್ಬದ ಕಡೆ ಇಟ್ಟು, ಪ್ರತಿ ತೋಟಾವನ್ನೂ ಒಮ್ಮೆ ಹಾಕಿ ತೆಗೆದು ನೋಡಿ.