“ಕೈಚಾಚದ” ಫಿನ್‌ಲ್ಯಾಂಡ್: ನಮ್ಮ ಮನೆಯ ಗುಂಪಿನಲ್ಲಿ

ದೊಡ್ಡಪ್ಪ: (ಹಂಚಿಕೊಂಡ ಚಿತ್ರ) “1952: ಯಾರ ಮುಂದೆಯೂ ಕೈಚಾಚದೆ ಸೋವಿಯತ್ ಒಕ್ಕೂಟಕ್ಕೆ ಯುದ್ಧ ಪರಿಹಾರ ತೀರಿಸಿದ ಫಿನ್‌ಲ್ಯಾಂಡ್.” ಎಲ್ಲರೂ ಓದಿ. ಕೇವಲ 40 ಲಕ್ಷ ಜನರ ದೇಶ!

ನಾನು: ಎರಡನೇ ಮಹಾಯುದ್ಧದಲ್ಲಿ ಸೋತದ್ದಕ್ಕೆ ಹೇರಿದ್ದ ಆ ಪರಿಹಾರವನ್ನು ತೀರಿಸಿದ್ದು ನಿಜ ದೊಡ್ಡಪ್ಪ. ಆ ಸೆಪ್ಟೆಂಬರ್‌ನಲ್ಲಿ ಪರಿಹಾರದ ಸಾಮಾನು ಹೊತ್ತ ಕೊನೆಯ ರೈಲು ವೈನಿಕ್ಕಾಲ ಎಂಬ ಗಡಿ ನಿಲ್ದಾಣದಲ್ಲಿ ಗಡಿ ದಾಟಿತು. ಆದರೆ ಕೈಚಾಚಲಿಲ್ಲ ಎಂಬುದು ಸುಳ್ಳು. ಮಾಸ್ಕೋದ ಮುನಿಸಿಗೆ ಅಂಜಿ ಮಾರ್ಷಲ್ ಯೋಜನೆಯನ್ನು, ಅಂದರೆ ಯುದ್ಧದಿಂದ ನಲುಗಿದ ಯುರೋಪಿಗೆ ಅಮೆರಿಕ ಕೊಟ್ಟ ನೆರವನ್ನು, ಬಿಟ್ಟರು ನಿಜ. ಆದರೆ ಅಮೆರಿಕ ಮತ್ತು ಸ್ವೀಡನ್‌ಗಳಿಂದ ಸಾಲ ತಂದರು. ಪರಿಹಾರವನ್ನು ಮೊದಲು 30 ಕೋಟಿ ಡಾಲರ್ ಎಂದು ಗೊತ್ತುಮಾಡಿದ್ದರಲ್ಲಿ, ಬಾಕಿ ಇದ್ದುದರ ಅರ್ಧವನ್ನು 1948ರಲ್ಲಿ ಸೋವಿಯತ್ ಒಕ್ಕೂಟವೇ ಬಿಟ್ಟುಕೊಟ್ಟಿತು.

ಅಕ್ಕ: ಸಾಲ ತಂದರೆ ಮರ್ಯಾದೆ ಹೋಯಿತೇ? ಅವರು ಕೊಟ್ಟದ್ದು ನಗದಲ್ಲ. ಹಡಗು, ರೈಲು ಎಂಜಿನ್, ಯಂತ್ರ, ಕೇಬಲ್. ಮರ ಮತ್ತು ಕಾಗದವನ್ನೇ ನಂಬಿದ್ದ ದೇಶ ಅಷ್ಟು ಬೇಗ ಕಾರ್ಖಾನೆಗಳನ್ನು ಬೆಳೆಸಿತಲ್ಲ, ಅದನ್ನು ನೋಡು.

ಅತ್ತೆ: ನಮ್ಮವರು ಫಿನ್‌ಲ್ಯಾಂಡ್ ರಾಜಧಾನಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಹಾಕಿ ಚಿನ್ನ ಗೆದ್ದ ವರ್ಷ ಅದೇ ಅಲ್ಲವೇ?

ನಾನು: ಅದೇ ಅತ್ತೆ. ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 6-1, ಬಲ್ಬೀರ್ ಸಿಂಗ್ ಒಬ್ಬರದೇ ಐದು ಗೋಲು. ಕುಸ್ತಿಯಲ್ಲಿ ಖಾಶಾಬಾ ಜಾಧವ್ ಕಂಚು ತಂದರು. 1940ರಲ್ಲೇ ಅಲ್ಲಿ ನಡೆಯಬೇಕಿದ್ದ ಕ್ರೀಡಾಕೂಟ ಯುದ್ಧದಿಂದ ನಿಂತುಹೋಗಿತ್ತು. 12 ವರ್ಷದ ಬಳಿಕ ಅವರ ಹೆಸರಾಂತ ಓಟಗಾರ ಪಾವೊ ನುರ್ಮಿ ಜ್ಯೋತಿ ಹಿಡಿದು ಓಡಿಬಂದಾಗ ಆ ಜನರಿಗೆ ಹೇಗಾಗಿರಬೇಕು!

ದೊಡ್ಡಪ್ಪ: ನೋಡಿದೆಯಾ, ನೀನೇ ಹೊಗಳುತ್ತಿದ್ದೀಯೆ. ಮತ್ತೆ ತಕರಾರು ಏನು?

ನಾನು: ಆ ಚಿತ್ರದಲ್ಲಿ ಕರೇಲಿಯಾದವರ, ಅಂದರೆ ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಪಾಲಾದ ಪೂರ್ವ ಗಡಿಯ ನಾಡಿನವರ, ಸುದ್ದಿಯೇ ಇಲ್ಲ. ಗಡಿ ಬದಲಾಗಿ 4 ಲಕ್ಷಕ್ಕೂ ಹೆಚ್ಚು ಜನ ಮನೆ, ಹೊಲ, ಹಿರಿಯರ ಸಮಾಧಿ ಬಿಟ್ಟು ಬಂದರು. ದೇಶದ ಹತ್ತರಲ್ಲಿ ಒಂದು ಪಾಲು! ಅವರನ್ನು ಶಿಬಿರಗಳಲ್ಲಿ ಕೊಳೆಯಲು ಬಿಡದೆ 1945ರಲ್ಲಿ ಕಾನೂನು ಮಾಡಿ ಜಮೀನು ಹಂಚಿದರು. ಪರಿಹಾರದ ಹಡಗು ಕಟ್ಟುತ್ತಲೇ ಇವರಿಗೆ ಮನೆಯನ್ನೂ ಕಟ್ಟಿಕೊಟ್ಟರು. ನನಗೆ ದೊಡ್ಡದಾಗಿ ಕಾಣುವುದು ಇದು.

ಅಕ್ಕ: ಯಾರ ಜಮೀನು?

ನಾನು: ಸರ್ಕಾರದ್ದು, ಕಂಪನಿಗಳದ್ದು, ಚರ್ಚುಗಳದ್ದು. ಊರಿನ ರೈತರದ್ದೂ ಹೋಯಿತು.

ದೊಡ್ಡಪ್ಪ: ರೈತರು ಸುಮ್ಮನೆ ಕೊಟ್ಟರೇ? ಕಾನೂನಿನ ಬಲದಿಂದ ತೆಗೆದುಕೊಂಡದ್ದನ್ನು ನೀನು ಔದಾರ್ಯ ಎನ್ನಬೇಡ.

ನಾನು: ಒಪ್ಪುತ್ತೇನೆ, ಅಸಮಾಧಾನ ಇತ್ತು. ಆದರೂ ಭಾರವನ್ನು ಹಂಚಿಕೊಂಡರು. ನೆಲೆ ಕಳೆದುಕೊಂಡವರ ಮೇಲೆಯೇ ಎಲ್ಲವನ್ನೂ ಹೇರಲಿಲ್ಲ.

ಅತ್ತೆ: ಅಣ್ಣಾ, ಬೇರೆ ಗುಂಪಿಗೆ ಕಳಿಸುವುದಾದರೆ ಆ ಚಿತ್ರ ಬೇಡ. ಇವನು ಬರೆದದ್ದನ್ನು ಕಳಿಸಿ.

ದೊಡ್ಡಪ್ಪ: ಎರಡನ್ನೂ ಕಳಿಸುತ್ತೇನೆ. ಓದಿದವರು ತೀರ್ಮಾನಿಸಲಿ.