ದುಬಾರಿ ಪುಟ್ಟ ಸ್ಪೀಕರ್‌ಗಳು: ಹೆಚ್ಚುವರಿ ಹಣ ಹೋಗುವುದು ಎಲ್ಲಿಗೆ?

ಕಿರುಕೋಣೆ (ಪ್ರಶ್ನೆ):

ಕಳೆದ ತಿಂಗಳು ಒಂದು ಪ್ರದರ್ಶನ ಕೊಠಡಿಯಲ್ಲಿ, ಭಾರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದ್ದ ಒಂದು ಜೋಡಿ ಚಿಕ್ಕ ಸ್ಪೀಕರ್‌ಗಳನ್ನು ಸುಮಾರು ಒಂದು ಗಂಟೆ ಕೇಳಿದೆ. ಮುಂಬದಿಯ ಅಗಲ ಒಂದು ಗೇಣಿನಷ್ಟು. ಬೆಲೆ ಮಾತ್ರ, ನನ್ನ ಮನೆಯಲ್ಲಿ ನೆಲದ ಮೇಲೆ ನಿಂತಿರುವ ಎತ್ತರದ ಸ್ಪೀಕರ್‌ಗಳ ಆರು ಪಟ್ಟು. ಗಾಯಕಿಯ ಧ್ವನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ಎಷ್ಟು ಖಚಿತವಾಗಿ ನಿಂತಿತೆಂದರೆ, ಸಾಲು ಎತ್ತಿಕೊಳ್ಳುವ ಮೊದಲು ಆಕೆ ಎಳೆದುಕೊಂಡ ಉಸಿರು ಯಾವ ಎತ್ತರದಿಂದ ಬಂತೆಂಬುದನ್ನೂ ಬೆರಳಿಟ್ಟು ತೋರಿಸಬಹುದಿತ್ತು. ನಂತರ ಪಿಯಾನೋ ಹಾಕಿಸಿಕೊಂಡೆ. ಬಲಗೈ ಅದ್ಭುತವಾಗಿತ್ತು, ಎಡಗೈ ನುಡಿಸಿದ ಅತಿ ಕೆಳಗಿನ ಸ್ವರಗಳ ಹೆಸರು ಕೇಳಿಸಿತೇ ಹೊರತು ಮೈ ಕೇಳಿಸಲಿಲ್ಲ.

ನನ್ನ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ. ನಾನು ಕೂರುವುದು ಸ್ಪೀಕರ್‌ಗಳಿಂದ ಎರಡು ಮೀಟರ್‌ಗಿಂತ ತುಸು ಹೆಚ್ಚಿನ ದೂರದಲ್ಲಿ. ಇಂತಹ ಪುಟ್ಟ ಸ್ಪೀಕರ್‌ಗಳಿಗೆ ಕೊಡುವ ಹೆಚ್ಚುವರಿ ಹಣ ನಿಜವಾಗಿ ಯಾವುದಕ್ಕೆ ಸಲ್ಲುತ್ತದೆ, ಮತ್ತು ಅಷ್ಟೇ ಹಣಕ್ಕೆ ದೊಡ್ಡದನ್ನು ಕೊಳ್ಳುವುದು ಹೆಚ್ಚು ವಿವೇಕವೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. «ಕೇಳಿ ನೋಡಿ, ಇಷ್ಟವಾದರೆ ತೆಗೆದುಕೊಳ್ಳಿ» ಎಂಬ ಉತ್ತರವನ್ನು ಮಾರಾಟಗಾರರೇ ಕೊಟ್ಟಿದ್ದಾರೆ.

ಅಳತೆಪಟ್ಟಿ (ಉತ್ತರ):

ನಿಮಗೆ ಪಿಯಾನೋದ ಎಡಗೈ ಕೇಳಿಸದಿದ್ದುದಕ್ಕೆ ಆ ತಯಾರಕರ ಅಸಡ್ಡೆ ಕಾರಣವಲ್ಲ. 1960ರ ದಶಕದಿಂದ ಈ ಕ್ಷೇತ್ರದಲ್ಲಿ ಹಾಫ್‌ಮನ್ನರ ಕಬ್ಬಿಣದ ನಿಯಮ ಎಂದು ಕರೆಯಲಾಗುವ ಒಂದು ಮಾತಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಬಾಸ್ (ಕೆಳಗಿನ ಸ್ವರಗಳು), ಕಡಿಮೆ ವಿದ್ಯುತ್ತಿಗೆ ಹೆಚ್ಚು ಶಬ್ದ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಗಾಳಿಯನ್ನು ತಳ್ಳುವ ಕೋನನ್ನು ವಜ್ರದಿಂದ ಮಾಡಿದರೂ ಮೂರನೆಯದು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಐದು ಇಂಚಿನ ಒಂದು ವೂಫರ್‌ನ, ಅಂದರೆ ಕೆಳಗಿನ ಸ್ವರಗಳನ್ನು ನುಡಿಸುವ ಘಟಕದ, ಕೋನಿನ ವಿಸ್ತೀರ್ಣ ಸುಮಾರು 90 ಚದರ ಸೆಂಟಿಮೀಟರ್ ಎಂದುಕೊಳ್ಳೋಣ. ಅದು ಹಿಂದಕ್ಕೂ ಮುಂದಕ್ಕೂ 5 ಮಿಲಿಮೀಟರ್ ಚಲಿಸಬಲ್ಲದು, ಪೆಟ್ಟಿಗೆಗೆ ಪೋರ್ಟ್, ಅಂದರೆ ಗಾಳಿ ಹೊರಬರುವ ಕೊಳವೆ, ಇಲ್ಲ. 40 ಹರ್ಟ್ಸ್‌ನಲ್ಲಿ, ಅಂದರೆ ಡಬಲ್ ಬಾಸಿನ ಅತ್ಯಂತ ಕೆಳಗಿನ ತಂತಿಯ ಆಸುಪಾಸಿನಲ್ಲಿ, ಅದು ಒಂದು ಮೀಟರ್ ದೂರಕ್ಕೆ ಕೊಡಬಲ್ಲ ಗರಿಷ್ಠ ಶಬ್ದ ಸುಮಾರು 86 ಡೆಸಿಬೆಲ್. ಅದೂ ಹಿಂಬದಿಯ ಗೋಡೆಯ ನೆರವನ್ನು ಸೇರಿಸಿದ ಮೇಲೆ. ಅದೇ ಕೋನ್ ಅಷ್ಟೇ ಚಲನೆಯಿಂದ 80 ಹರ್ಟ್ಸ್‌ನಲ್ಲಿ 98 ಡೆಸಿಬೆಲ್ ಕೊಡುತ್ತದೆ, ಏಕೆಂದರೆ ಆವರ್ತನ ಅರ್ಧಕ್ಕಿಳಿದರೆ ಅಷ್ಟೇ ಶಬ್ದಕ್ಕೆ ಕೋನ್ ನಾಲ್ಕು ಪಟ್ಟು ಚಲಿಸಬೇಕಾಗುತ್ತದೆ. ಹನ್ನೆರಡು ಇಂಚಿನ ವೂಫರ್‌ನ ವಿಸ್ತೀರ್ಣ 500 ಚದರ ಸೆಂಟಿಮೀಟರಿನಷ್ಟಿರುವುದರಿಂದ, ಅದೇ ಚಲನೆಗೆ ಅದು 15 ಡೆಸಿಬೆಲ್ ಮುಂದಿರುತ್ತದೆ. ಗಾಳಿಯನ್ನು ತಳ್ಳುವ ಕೆಲಸದಲ್ಲಿ ಬೆಲೆಯ ಚೀಟಿಗೆ ಪಾತ್ರವಿಲ್ಲ.

ಪೋರ್ಟ್ ಇಟ್ಟರೆ ಕೆಲವು ಹರ್ಟ್ಸ್ ಕೆಳಗಿಳಿಯಬಹುದು. ಆದರೆ ಪೋರ್ಟ್ ಶ್ರುತಿಗೊಂಡಿರುವ ಆವರ್ತನಕ್ಕಿಂತ ಕೆಳಗೆ ಕೋನಿಗೆ ಒಳಗಿನ ಗಾಳಿಯ ತಡೆ ಇಲ್ಲವಾಗಿ ಅದು ಅಂಕೆ ತಪ್ಪಿ ಚಲಿಸುತ್ತದೆ. ಚಿಕ್ಕ ಪೆಟ್ಟಿಗೆಗೆ ಹಿಡಿಸುವ ಕಿರಿದಾದ ಪೋರ್ಟ್ ಜೋರು ಶಬ್ದದಲ್ಲಿ ಉಸ್ಸೆನ್ನುವುದನ್ನೂ ಕೇಳಿದ್ದೇನೆ.

ಹಾಗಾದರೆ ಹಣ ಹೋಗುವುದು ಎಲ್ಲಿಗೆ? ನನ್ನ ತಿಳಿವಳಿಕೆಯಂತೆ ಬಹುಪಾಲು ಪೆಟ್ಟಿಗೆಗೇ. ಕೋನ್ ಮುಂದಕ್ಕೆ ತಳ್ಳುವಷ್ಟೇ ಬಲದಿಂದ ಹಿಂದಕ್ಕೂ ತಳ್ಳುತ್ತದೆ, ಮತ್ತು ಪೆಟ್ಟಿಗೆಯ ಗೋಡೆಗಳು ಅದಕ್ಕೆ ಓಗೊಟ್ಟರೆ ಅವೂ ಒಂದೊಂದು ಸ್ಪೀಕರ್ ಆಗಿಬಿಡುತ್ತವೆ. ಬೆರಳಿನ ಗೆಣ್ಣಿನಿಂದ ಪೆಟ್ಟಿಗೆಯ ಪಕ್ಕಕ್ಕೆ ತಟ್ಟಿ ನೋಡಿ: ಅಗ್ಗದ್ದರಲ್ಲಿ ಒಂದು ಸ್ವರ ಹೊರಡುತ್ತದೆ, ಒಳ್ಳೆಯದರಲ್ಲಿ ಬರೀ ‘ಟಕ್’ ಎಂಬ ಸದ್ದು ಸತ್ತುಹೋಗುತ್ತದೆ. 1980ರ ದಶಕದಲ್ಲಿ ಸೆಲೆಸ್ಟಿಯನ್ ಸಂಸ್ಥೆಯವರು ಕಂಪನಗಳನ್ನು ಲೇಸರ್‌ನಿಂದ ಅಳೆದು, ವಿಮಾನಗಳಿಗೆ ಬಳಸುವ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಹಲಗೆಯಿಂದ ಎಸ್‌ಎಲ್ 600 ಎಂಬ ಪುಟ್ಟ ಸ್ಪೀಕರನ್ನು ಮಾಡಿದ್ದು ಇದೇ ಕಾರಣಕ್ಕೆ. ಉಳಿದ ಹಣ ಶಬ್ದವನ್ನು ಕಡಿಮೆ ವಿರೂಪಗೊಳಿಸುವ ಡ್ರೈವರ್‌ಗಳಿಗೆ (ವೂಫರಿನಂತಹ ಶಬ್ದ ಹೊರಡಿಸುವ ಘಟಕಗಳಿಗೆ), ಜೋಡಿಯ ಎರಡೂ ಸ್ಪೀಕರ್‌ಗಳನ್ನು ಒಂದಕ್ಕೊಂದು ಸರಿಹೊಂದಿಸುವುದಕ್ಕೆ ಮತ್ತು ಮೇಲಿನ, ಕೆಳಗಿನ ಆವರ್ತನಗಳನ್ನು ಡ್ರೈವರ್‌ಗಳಿಗೆ ಹಂಚುವ ಕ್ರಾಸ್‌ಓವರಿಗೆ ಹೋಗುತ್ತದೆ. ಮೆರುಗಿನ ಎಣ್ಣೆಗೂ ತೊಗಲಿಗೂ ಎಷ್ಟು ಹೋಗುತ್ತದೆಂಬ ವಿಷಯವನ್ನು ಕೆದಕದಿರುವುದೇ ಲೇಸು.

ಹಳೆಯ ಮಾನಿಟರ್ (ಉತ್ತರ):

ಅಳತೆಪಟ್ಟಿಯವರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪುಟ್ಟ ಸ್ಪೀಕರ್ ಎಂದರೆ ಬಾಸ್ ಕಳೆದುಕೊಂಡ ದೊಡ್ಡ ಸ್ಪೀಕರ್ ಎಂಬ ಧ್ವನಿ ಅದರಲ್ಲಿದೆ, ಅದನ್ನು ಒಪ್ಪಲಾರೆ.

ಬಿಬಿಸಿಯವರ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರನ್ನು ನೆನಪಿಸಿಕೊಳ್ಳಿ. ಸ್ಟುಡಿಯೋಗಳ ಅಳತೆಗಿಳಿಸಿದ ಮಾದರಿಗಳನ್ನು ಕಟ್ಟಿ ಶಬ್ದದ ಪ್ರಯೋಗ ನಡೆಸಲು ರೂಪಿಸಿದ್ದ ಸಣ್ಣ ಸ್ಪೀಕರೊಂದರಿಂದ ಅದು ಹುಟ್ಟಿತು, ಮತ್ತು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ಮಾತಿನ ಧ್ವನಿಯನ್ನು ಪರೀಕ್ಷಿಸುವ ಕೆಲಸಕ್ಕೆ ನಿಂತಿತು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19. ಇಂದಿನ ಭಾರಿ ಪೆಟ್ಟಿಗೆಗಳಿಗೆ ತದ್ವಿರುದ್ಧವಾಗಿ ಅದರ ಗೋಡೆಗಳು ತೆಳುವಾದ ಬರ್ಚ್ ಪ್ಲೈವುಡ್ಡಿನವು. ಒಳಗೆ ಕಂಪನ ನುಂಗುವ ಹಾಳೆಗಳನ್ನು ಅಂಟಿಸಿ, ಅನುರಣನವನ್ನು ಕಿವಿ ಅಷ್ಟಾಗಿ ಗಮನಿಸದ ಕೆಳಗಿನ ಆವರ್ತನಗಳಿಗೆ ಸರಿಸುವುದು ಅವರ ಉಪಾಯವಾಗಿತ್ತು. ಮೇಲಿನ ಸ್ವರಗಳ ಡ್ರೈವರಾದ ಟ್ವೀಟರಿನ ಸುತ್ತ ದಪ್ಪ ಉಣ್ಣೆಯ ಚೌಕಟ್ಟು ಇತ್ತು, ಪೆಟ್ಟಿಗೆಯ ಅಂಚಿಗೆ ತಾಗಿ ಮರಳುವ ಅಲೆಗಳನ್ನು ತಡೆಯಲು. ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಕೊಡುವ ಶಬ್ದ, 83 ಡೆಸಿಬೆಲ್ ಆಸುಪಾಸು; 93 ಡೆಸಿಬೆಲ್ಲಿನ ಸ್ಪೀಕರ್ ಒಂದು ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ ಇದಕ್ಕೆ ಹತ್ತು ವ್ಯಾಟ್ ಬೇಕು. ಮೇಲ್ಭಾಗದ ಬಾಸಿನಲ್ಲಿ ಅದಕ್ಕೊಂದು ಉಬ್ಬು ಇರುವುದನ್ನು ಅಳೆದವರೆಲ್ಲ ಗುರುತಿಸಿದ್ದಾರೆ, ಮತ್ತು ಆ ಉಬ್ಬಿನಿಂದಲೇ ಕಿವಿ ಇಲ್ಲದ ಬಾಸನ್ನು ಇದೆಯೆಂದು ನಂಬುತ್ತದೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ.

ನೀವು ಕೇಳಿದ ಗಾಯಕಿಯ ಉಸಿರಿಗೂ ಪೆಟ್ಟಿಗೆಯ ಕಿರಿದಾದ ಮುಂಬದಿಗೂ ಸಂಬಂಧವಿದೆ. 19 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಿಂದ ಸುಮಾರು 600 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಕ್ರಮೇಣ ಸುತ್ತಲೂ ಹರಡಲು ತೊಡಗುತ್ತದೆ. ಅದರಿಂದ ಎದುರಿಗೆ ಆಗುವ ನಷ್ಟವನ್ನು ಕ್ರಾಸ್‌ಓವರ್‌ನಲ್ಲಿ ತುಂಬಿಕೊಡಬೇಕಾಗುತ್ತದೆ. ಆದರೆ ಚಿಕ್ಕ ಡ್ರೈವರ್‌ಗಳು ಹತ್ತಿರ ಹತ್ತಿರ ಇರುವುದರಿಂದ ಎರಡರ ಶಬ್ದವೂ ಒಂದೇ ಬಿಂದುವಿನಿಂದ ಬಂದಂತೆ ಕಿವಿಯನ್ನು ಮುಟ್ಟುತ್ತದೆ. ಕೆಇಎಫ್ ಸಂಸ್ಥೆಯವರು 1988ರಿಂದ ಟ್ವೀಟರನ್ನು ವೂಫರಿನ ನಡುವೆಯೇ ಕೂರಿಸುತ್ತ ಬಂದಿರುವುದು, ಮತ್ತು ಅವರ 2012ರ ಎಲ್‌ಎಸ್ 50 ಸ್ಪೀಕರ್ ಅಷ್ಟು ಜನರಿಗೆ ಹಿಡಿಸಿದ್ದು, ಈ ಕಾರಣದಿಂದಲೇ ಎಂದು ನನ್ನ ಅಭಿಪ್ರಾಯ. ನೀವು ಕೂರುವ ಎರಡು ಮೀಟರ್ ದೂರದಲ್ಲಿ, ಅನೇಕ ಡ್ರೈವರ್‌ಗಳನ್ನು ಮೇಲಿಂದ ಕೆಳಗೆ ಪೋಣಿಸಿದ ಎತ್ತರದ ಸ್ಪೀಕರ್‌ನ ಶಬ್ದಗಳು ಒಂದಾಗಲು ಜಾಗವೇ ಸಾಲದು. ನಿಮ್ಮ ಕೋಣೆಗೆ ದೊಡ್ಡದು ವಿವೇಕವಲ್ಲ.

ಕಿರುಕೋಣೆ (ಪ್ರಶ್ನೆ ಕೇಳಿದವರು):

ಇಬ್ಬರಿಗೂ ಕೃತಜ್ಞತೆಗಳು. ಆದರೆ ಎಲ್‌ಎಸ್ 3/5ಎ ದುಡಿಮೆಗೆಂದು ಹುಟ್ಟಿದ್ದು. ನಾನು ಕೇಳುತ್ತಿರುವುದು ಅದರ ಹತ್ತಾರು ಪಟ್ಟು ಬೆಲೆಯ, ಐಷಾರಾಮವೆಂದೇ ಮಾರಾಟವಾಗುವ ಪೆಟ್ಟಿಗೆಗಳ ವಿಷಯ.

ಪರದೆಯ ಹಿಂದೆ (ಉತ್ತರ):

ಐಷಾರಾಮದ ಪೆಟ್ಟಿಗೆಗಳಲ್ಲೂ ಕೆಲವು ದುಡಿಮೆಗೆಂದೇ ಹುಟ್ಟಿದವು. ವಿಲ್ಸನ್ ಆಡಿಯೋ ಸಂಸ್ಥೆಯ ‘ವ್ಯಾಟ್’ ಎಂಬ ಹೆಸರಿನ ಸ್ಪೀಕರ್, 1986ರಲ್ಲಿ ಬಂದಾಗ, ಧ್ವನಿಮುದ್ರಣದ ಸ್ಥಳಕ್ಕೆ ಹೊತ್ತೊಯ್ಯಬಹುದಾದ ಮಾನಿಟರ್ (ಮುದ್ರಣವನ್ನು ಪರೀಕ್ಷಿಸುವ ಸ್ಪೀಕರ್) ಆಗಿತ್ತು. ಆ ಕಾಲಕ್ಕೆ ಪುಟ್ಟ ಸ್ಪೀಕರ್ ಒಂದಕ್ಕೆ ಯಾರೂ ಊಹಿಸದಷ್ಟು ಬೆಲೆ ಅದಕ್ಕಿತ್ತು. ಮುಂದೆ ಅದೇ ಸಂಸ್ಥೆ ಅದರ ಕೆಳಗಿಡಲು ಪಪ್ಪಿ ಎಂಬ ವೂಫರ್ ಪೆಟ್ಟಿಗೆಯನ್ನು ತಂದಿತು, ಮತ್ತು ಆ ಜೋಡಿಯೇ ಅವರ ಹೆಸರನ್ನು ಬೆಳಗಿಸಿತು. ಅಳತೆಪಟ್ಟಿಯವರ ಕಬ್ಬಿಣದ ನಿಯಮಕ್ಕೆ ಇದಕ್ಕಿಂತ ದುಬಾರಿ ಸಾಕ್ಷಿ ನನಗೆ ಗೊತ್ತಿಲ್ಲ.

ನನ್ನ ತಕರಾರು ಬೇರೆಯದು. ನೀವು ಆ ಸ್ಪೀಕರನ್ನು ನೋಡುತ್ತ ಕೇಳಿದಿರಿ. ಸ್ಪೀಕರ್ ತಯಾರಿಸುವ ಹಾರ್ಮನ್ ಸಂಸ್ಥೆಯಲ್ಲಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅವವೇ ಸ್ಪೀಕರ್‌ಗಳನ್ನು ಅವವೇ ಕೇಳುಗರಿಗೆ ಒಮ್ಮೆ ಮರೆಯಲ್ಲಿಟ್ಟೂ ಒಮ್ಮೆ ಕಣ್ಣೆದುರಿಗಿಟ್ಟೂ ಕೇಳಿಸಲಾಯಿತು. ಮರೆಯಲ್ಲಿದ್ದಾಗ ಒಳ್ಳೆಯ ಅಂಕ ಪಡೆದಿದ್ದ, ಸಬ್‌ವೂಫರ್ (ಅತಿ ಕೆಳಗಿನ ಸ್ವರಗಳಿಗೆ ಮಾತ್ರ ಮೀಸಲಾದ ಸ್ಪೀಕರ್) ಸಹಿತವಾದ ಒಂದು ಚಿಕ್ಕ, ಅಗ್ಗದ ವ್ಯವಸ್ಥೆ ಕಣ್ಣಿಗೆ ಬಿದ್ದೊಡನೆ ಕೆಳಕ್ಕಿಳಿಯಿತು. ಕೇಳುತ್ತಿದ್ದವರಲ್ಲಿ ಅನುಭವಿಗಳೂ ಇದ್ದರು. ಹತ್ತು ವರ್ಷಗಳ ಬಳಿಕ, 2004ರಲ್ಲಿ, ಅಳತೆಗಳಿಂದಲೇ ಕೇಳುಗರ ಮೆಚ್ಚುಗೆಯನ್ನು ಊಹಿಸುವ ಸೂತ್ರವೊಂದನ್ನು ಆಲಿವ್ ಕಟ್ಟಿದಾಗ, ಬಾಸ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬ ಒಂದೇ ಅಂಶಕ್ಕೆ ಸುಮಾರು ಶೇಕಡಾ 30ರಷ್ಟು ತೂಕ ಬಂತು. ಬಾಸ್ ಬಿಟ್ಟುಕೊಟ್ಟು ದುಬಾರಿಯಾಗಿರುವ ಸ್ಪೀಕರ್ ಉಳಿದ ಶೇಕಡಾ 70ರಲ್ಲಿ ಎಲ್ಲವನ್ನೂ ಗೆದ್ದು ತೋರಿಸಬೇಕು. ಗೆಲ್ಲುವುದಿಲ್ಲ ಎನ್ನುತ್ತಿಲ್ಲ, ತೋರಿಸಲಿ ಎನ್ನುತ್ತಿದ್ದೇನೆ.

ಪ್ರದರ್ಶನ ಕೊಠಡಿಯಲ್ಲಿ ಒಂದು ಸ್ಪೀಕರ್ ಒಂದು ಡೆಸಿಬೆಲ್ ಜೋರಾಗಿದ್ದರೂ ಅದು ಜೋರಾಗಿದೆ ಎಂದು ಯಾರಿಗೂ ಅನಿಸುವುದಿಲ್ಲ, ಹೆಚ್ಚು ಜೀವಂತವಾಗಿದೆ ಎಂದು ಅನಿಸುತ್ತದೆ. ಮನೆಗೆ ತರಿಸಿಕೊಳ್ಳಿ, ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ ಪರೀಕ್ಷಾ ಸದ್ದು) ಹಾಕಿ ಕೂರುವ ಜಾಗದಲ್ಲಿ ಮೀಟರಿನಿಂದ ಅಳೆದು ಎರಡನ್ನೂ ಸರಿದೂಗಿಸಿ, ಎದುರಿಗೆ ತೆಳುವಾದ ಬಟ್ಟೆ ಕಟ್ಟಿ, ಬದಲಾಯಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ.

ಅಳತೆಪಟ್ಟಿ (ಉತ್ತರ):

ಒಂದು ಮಾತು ಸೇರಿಸುತ್ತೇನೆ. ಮನೆಗೆ ತಂದಾಗ ಒಂದು ಸಬ್‌ವೂಫರನ್ನೂ ಎರವಲು ಪಡೆಯಿರಿ, ಮತ್ತು 80 ಹರ್ಟ್ಸ್‌ಗಿಂತ ಕೆಳಗಿನದು ಪುಟ್ಟ ಸ್ಪೀಕರಿಗೆ ಹೋಗದಂತೆ ಹೈಪಾಸ್ ಹಾಕುವುದನ್ನು ಮರೆಯಬೇಡಿ. ಬಾಸ್ ಸೇರುವುದಕ್ಕಿಂತ ದೊಡ್ಡ ಲಾಭ, ಆ ಕೋನಿನ ಮೇಲಿನ ಹೊರೆ ಇಳಿಯುವುದು. ಅದೇ ಕೋನ್ ಅಲ್ಲವೇ ಗಾಯಕಿಯ ಧ್ವನಿಯನ್ನೂ ಹೊರುತ್ತಿರುವುದು. ಸ್ಪೀಕರಿನ ಮುಂಬದಿ ಹಿಂಗೋಡೆಯಿಂದ 60 ಸೆಂಟಿಮೀಟರ್ ದೂರವಿದ್ದರೆ ಗೋಡೆಯಿಂದ ಮರಳುವ ಅಲೆ ಎದುರಾಗಿ 143 ಹರ್ಟ್ಸ್ ಬಳಿ ಶಬ್ದದಲ್ಲಿ ಗುಂಡಿ ಬೀಳುತ್ತದೆ ಎಂಬುದೂ ಗಮನದಲ್ಲಿರಲಿ. 4 ಮೀಟರ್ ಉದ್ದದ ನಿಮ್ಮ ಕೋಣೆ 43 ಹರ್ಟ್ಸ್‌ನಲ್ಲಿ ತಾನಾಗಿಯೇ ಮೊಳಗುವುದನ್ನು ಯಾವ ಬೆಲೆಯ ಸ್ಪೀಕರೂ ನಿಲ್ಲಿಸಲಾರದು.

ಕಿರುಕೋಣೆ (ಪ್ರಶ್ನೆ ಕೇಳಿದವರು):

ಹೇಳಿದಂತೆಯೇ ಮಾಡಿದೆ. ಶನಿವಾರದಿಂದ ಸೋಮವಾರದವರೆಗೆ ದುಬಾರಿ ಜೋಡಿ ಮನೆಯಲ್ಲಿತ್ತು. ಜೊತೆಗೆ ಸ್ನೇಹಿತರೊಬ್ಬರಿಂದ ಒಂದು ಸಾಧಾರಣ ಬೆಲೆಯ ಪುಟ್ಟ ಜೋಡಿಯನ್ನೂ ಸಬ್‌ವೂಫರನ್ನೂ ತಂದೆ. ಎರಡೂ ಜೋಡಿಗಳನ್ನು ಅದೇ ಭಾರವಾದ ಸ್ಟ್ಯಾಂಡುಗಳ ಮೇಲೆ ಸರದಿಯಂತೆ ಇಟ್ಟು, ಬಟ್ಟೆಯ ಹಿಂದೆ ಬದಲಾಯಿಸುವ ಕೆಲಸವನ್ನು ತಮ್ಮ ವಹಿಸಿಕೊಂಡನು.

ಸಬ್‌ವೂಫರ್ ಇಲ್ಲದೆ ಕೇಳಿದಾಗ, ದುಬಾರಿ ಜೋಡಿಯನ್ನು ಗುರುತಿಸಲು ನನಗೆ ಒಂದು ಸಾಲೂ ಬೇಕಾಗಲಿಲ್ಲ. ಹೈಪಾಸ್ ಹಾಕಿ ಸಬ್‌ವೂಫರ್ ಸೇರಿಸಿದ ಮೇಲೆ ಧ್ವನಿಯ ವಿಷಯದಲ್ಲಿ ಎರಡು ಬಾರಿ ತಪ್ಪಿದೆ, ತಪ್ಪಿದಾಗ ನಂಬಿಕೆಯಿಂದಲೇ ತಪ್ಪಿದೆ. ಆದರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ಪಿಯಾನೋದ ಒಂದು ಕಾರ್ಡನ್ನು ಪೆಡಲ್ ಒತ್ತಿ ಹಿಡಿದು ಆರಲು ಬಿಟ್ಟಿರುವ ಜಾಗ ನನ್ನ ಧ್ವನಿಮುದ್ರಣದಲ್ಲಿದೆ. ದುಬಾರಿ ಪೆಟ್ಟಿಗೆಯಲ್ಲಿ ಅದು ಕೊನೆಯವರೆಗೂ ಅದೇ ಬಣ್ಣದಲ್ಲಿ ತೆಳುವಾಗುತ್ತ ಹೋಯಿತು. ಸಾಧಾರಣದ್ದರಲ್ಲಿ ನಡುವೆ ಎಲ್ಲೋ ಒಂದು ಸ್ವರ ಉಳಿದವುಗಳಿಗಿಂತ ತುಸು ಹೆಚ್ಚು ಹೊತ್ತು ಉಳಿಯಿತು. ಆಮೇಲೆ ಬೆರಳಿನ ಗೆಣ್ಣಿನಿಂದ ಪಕ್ಕಕ್ಕೆ ತಟ್ಟಿದೆ. ಅದೇ ಸ್ವರ.

ಆ ಒಂದು ಸ್ವರಕ್ಕಾಗಿ ಅಷ್ಟು ಹಣ ಕೊಡುವ ಮನಸ್ಸು ಸದ್ಯಕ್ಕೆ ನನಗಿಲ್ಲ. ಸೋಮವಾರ ಸ್ಪೀಕರ್‌ಗಳನ್ನು ಹಿಂದಿರುಗಿಸಿ ಬಂದೆ. ಸ್ಟ್ಯಾಂಡುಗಳನ್ನು ಮಾತ್ರ ಬೇರೆಯಾಗಿ ಕೊಡುತ್ತೀರಾ ಎಂದು ಕೇಳಿದ್ದೇನೆ.