ಡ್ರಮ್ಮು ತಂದದ್ದಾಯ್ತು, ಡೀಸೆಲ್ ಎತ್ತೋರು ಯಾರು?

ಟ್ರ್ಯಾಕ್ಟರ್ ಕೊಳ್ಳೋಕೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಅದಕ್ಕೆ ಡೀಸೆಲ್ ಹೊತ್ತು ಹಾಕೋ ಸೊಂಟ ಮಾತ್ರ ನಮ್ಮದೇ ಆಗಬೇಕು. ಇದು ನಮ್ಮ ಹಾಲೇಶನಿಗೆ ಗೊತ್ತಾಗಿದ್ದು ಮೊನ್ನೆ ಮುಂಗಾರಿನಲ್ಲಿ.

ನಮ್ಮೂರು ಭರಮಸಾಗರದ ಆಚೆ. ಬಂಕು ಇರೋದು ಹೈವೇಯಲ್ಲಿ. ಮಳೆ ಬಿದ್ದು ಹದ ಬಂತು ಅಂದ್ರೆ ಮೆಕ್ಕೆಜೋಳ ಬಿತ್ತೋ ಅಷ್ಟೂ ಟ್ರ್ಯಾಕ್ಟರುಗಳು ಒಂದೇ ಬೆಳಿಗ್ಗೆ ಅಲ್ಲಿ ಸಾಲು ನಿಲ್ಲುತ್ತವೆ. ಹಿಂದೆ ಮಣ್ಣು ಪುಡಿ ಮಾಡೋ ರೋಟವೇಟರ್ ಕಟ್ಟಿಕೊಂಡು, ಲಾರಿಯವರ ಹತ್ರ ಬೈಸಿಕೊಂಡು, ಸಾಲಿನಲ್ಲಿ ನಿಂತು ಹಾಕಿಸಿಕೊಂಡು ವಾಪಸ್ ಬರೋ ಹೊತ್ತಿಗೆ ಹೊಲದ ಹದ ಆರಿರುತ್ತೆ, ಹಾಕಿಸಿದ್ದರಲ್ಲಿ ಒಂದಿಷ್ಟು ದಾರಿಗೇ ಖರ್ಚಾಗಿರುತ್ತೆ. ಸಾಕಾಗಿ ಹಾಲೇಶ ದಾವಣಗೆರೆಗೆ ಹೋಗಿ 200 ಲೀಟರಿನ ಒಂದು ಡ್ರಮ್ಮು ಕೊಂಡ. ಬಂಕಿನಲ್ಲಿ ತುಂಬಿಸಿ, ಟ್ರೈಲರ್ ಮೇಲೆ ಹುಲ್ಲು ಹಾಸಿ, ಬಾಣಂತಿಯನ್ನು ಕರ್ಕೊಂಡು ಬಂದ ಹಾಗೆ ನಿಧಾನವಾಗಿ ಮನೆ ಮುಂದೆ ತಂದು ನಿಲ್ಲಿಸಿದ.

ನೋಡೋಕೆ ಇಡೀ ಓಣಿ ಬಂತು. ಇಳಿಸೋಕೆ ಒಬ್ಬರೂ ಬರಲಿಲ್ಲ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತೆ. ಅಂದ್ರೆ ಒಳಗಿನ ಮಾಲೇ 166 ಕೇಜಿ, ಮೇಲೆ ಕಬ್ಬಿಣದ ತೂಕ ಬೇರೆ. ಡ್ರಮ್ಮು ಟ್ರೈಲರ್ ಮೇಲೇ ಉಳೀತು, ನಾವು ಕೊಟ್ರೇಶನ ಮಂಡಕ್ಕಿ ಮಿರ್ಚಿ ಅಂಗಡಿಗೆ ಹೋದೆವು.

"ಇಳಿಸೋದೇ ಬೇಡ ಬಿಡು," ಅಂದ ಮಂಜ. ಅವನು ನಮ್ಮೆಲ್ಲರಿಗಿಂತ ಚಿಕ್ಕವನು, ಆದ್ರೆ ಮೊಬೈಲ್ ದೊಡ್ಡದು. "ಟ್ರೈಲರ್ ಮೇಲಿಂದಲೇ ಟ್ಯಾಂಕಿಗೆ ಒಂದು ಪೈಪ್ ಬಿಡು. ಮೇಲಿಂದ ಕೆಳಕ್ಕೆ ತಾನೇ ಬರುತ್ತೆ."

"ಬಾಯಲ್ಲಿ ಎಳೆಯೋರು ಯಾರು?"

ಎಲ್ಲರೂ ಕೊಟ್ರೇಶನ ಕಡೆ ನೋಡಿದೆವು. "ನನ್ನ ನೋಡಬೇಡಿ. ಒಂದ್ಸಲ ಎಳೆದಿದ್ದೀನಿ. ವಾರಗಟ್ಟಲೆ ಯಾವ ಮಿರ್ಚಿ ತಿಂದ್ರೂ ಡೀಸೆಲ್ ವಾಸನೆನೇ ಬರ್ತಿತ್ತು."

"ಆಗ ನಿನ್ನ ಗಿರಾಕಿಗಳೂ ಅದನ್ನೇ ಅಂತಿದ್ರು ಬಿಡೋ," ಅಂದರು ತಿಪ್ಪೇಸ್ವಾಮಣ್ಣ.

ನಗೋ ಮಾತು ಹೌದು, ಆದ್ರೆ ಈ ಬಾಯಲ್ಲಿ ಎಳೆಯೋ ಚಟ ಕೆಟ್ಟದ್ದು. ಡೀಸೆಲ್ ಹೊಟ್ಟೆಗೆ ಹೋಗೋದಕ್ಕಿಂತ ಶ್ವಾಸಕೋಶಕ್ಕೆ ಹೋಗೋದೇ ಅಪಾಯ. ಎಳೆಯುವಾಗ ಒಂದು ಗುಟುಕು ನೆತ್ತಿಗೇರಿ ಒಳಗೆ ಹೋದ್ರೂ ನ್ಯುಮೋನಿಯಾ ಥರದ ಉರಿಯೂತ ಆಗಬಹುದು. ನಮ್ಮಲ್ಲಿ ತಕ್ಷಣ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋಕೆ ಓಡುತ್ತಾರಲ್ಲ, ಅದನ್ನಂತೂ ಮಾಡಲೇಬಾರದು. ವಾಂತಿ ಬರುವಾಗಲೇ ಅದು ಇನ್ನೊಂದು ಸಲ ಶ್ವಾಸಕೋಶಕ್ಕೆ ನುಗ್ಗೋದು. ಬಾಯಿ ತೊಳೆಸಿ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.

ಇಷ್ಟಕ್ಕೂ ಬಾಯಿ ಯಾಕೆ ಬೇಕು? ತುದಿಯಲ್ಲಿ ಗೋಲಿ ಇರೋ ಪೈಪು ಸಿಗುತ್ತೆ. ಆ ತುದಿಯನ್ನು ಡೀಸೆಲ್ಲಿನಲ್ಲಿ ಮುಳುಗಿಸಿ ಮೇಲೆ ಕೆಳಗೆ ಜೋರಾಗಿ ಅಲ್ಲಾಡಿಸಿದ್ರೆ ಸಾಕು. ಗೋಲಿ ಎದ್ದು ಕೂತು ಡೀಸೆಲ್ಲನ್ನು ಮೇಲಕ್ಕೆ ತಳ್ಳುತ್ತೆ, ಒಂದ್ಸಲ ಪೈಪು ತುಂಬಿತೋ ಆಮೇಲೆ ತಾನೇ ಹರಿಯುತ್ತೆ. ಮಂಜ ಮಾರನೇ ದಿನವೇ ಅಂಥದ್ದೊಂದು ತಂದು ಹಾಕಿದ. ಟ್ರ್ಯಾಕ್ಟರಿಗೆ ಡೀಸೆಲ್ ಬಿತ್ತು. ಹಾಲೇಶ ಎರಡು ದಿನ ಎದೆ ಸೆಟೆದು ಓಡಾಡಿದ.

ಡ್ರಮ್ಮು ಅರ್ಧ ಆದ ಮೇಲೆ ಪೈಪು ಮುಷ್ಕರ ಹೂಡಿತು. ಎಷ್ಟು ಅಲ್ಲಾಡಿಸಿದ್ರೂ ಬುಳಕ್ ಅಂತ ನಾಲ್ಕು ಹನಿ ಬಿದ್ದು ನಿಲ್ಲೋದು.

"ಪೈಪು ಡೂಪ್ಲಿಕೇಟು," ಅಂದ ಹಾಲೇಶ.

ಪೈಪಿನದ್ದೇನೂ ತಪ್ಪಿಲ್ಲ. ಟ್ರೈಲರಿನ ತಳ ಮೂರಡಿ ಎತ್ತರ, ಟ್ರ್ಯಾಕ್ಟರ್ ಟ್ಯಾಂಕಿನ ಬಾಯಿ ನಮ್ಮ ಎದೆಮಟ್ಟ. ಡ್ರಮ್ಮಿನೊಳಗಿನ ಡೀಸೆಲ್ ಆ ಮಟ್ಟಕ್ಕಿಂತ ಮೇಲೆ ಇರೋವರೆಗೆ ಹರಿಯುತ್ತೆ, ಎರಡೂ ಸಮ ಆದ ಕೂಡಲೇ ನಿಲ್ಲುತ್ತೆ. ಉಳಿದ ಅರ್ಧ ಡ್ರಮ್ಮು ಹಾಲೇಶನ ಆಸ್ತಿ ಹೌದು, ಅನುಭವಿಸೋ ಹಾಗಿಲ್ಲ.

ಈಗ ಹರಟೆ ಕಾವೇರಿತು. ತಿಪ್ಪೇಸ್ವಾಮಣ್ಣ ಹಿಂದೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಕೆಲಸ ಮಾಡಿದವರು, ಹರಿಯೋದು ಯಾವುದೇ ಇರಲಿ ಅವರಿಗೆ ಹೇಳೋಕೆ ಒಂದು ಮಾತು ಇದ್ದೇ ಇರುತ್ತೆ. "ಪಂಕ್ಚರ್ ಅಂಗಡಿಯಿಂದ ಗಾಳಿ ಪೈಪ್ ತಂದು ಡ್ರಮ್ಮಿಗೆ ಗಾಳಿ ಹೊಡಿ. ಒಂದು ತೂತಲ್ಲಿ ಗಾಳಿ ಒಳಕ್ಕೆ, ಇನ್ನೊಂದರಲ್ಲಿ ಡೀಸೆಲ್ ಹೊರಕ್ಕೆ."

ಐಡಿಯಾ ಕೇಳೋಕೆ ಚೆನ್ನಾಗಿದೆ ಅಲ್ವಾ? ಡ್ರಮ್ಮು ಟೈರಲ್ಲ. ಅದರ ತಗಡು ಒತ್ತಡ ತಡೆಯೋಕೆ ಮಾಡಿದ್ದಲ್ಲ. ಕಂಪ್ರೆಸರ್ ಗಾಳಿ ಬಿಟ್ರೆ ಮೊದಲು ಎರಡೂ ಮುಖ ಉಬ್ಬುತ್ತೆ, ಆಮೇಲೆ ಅಂಚು ಬಿಟ್ಟುಕೊಂಡು ಸಿಡಿಯುತ್ತೆ, ಡೀಸೆಲ್ ಮಂಜಿನ ಥರ ಸುತ್ತ ಹರಡುತ್ತೆ. ಹತ್ತು ಮಾರಿನಲ್ಲಿ ಕೊಟ್ರೇಶನ ಒಲೆ ಇದೆ ಅಂತ ಬೇರೆ ನೆನಪಿರಲಿ.

"ಡೀಸೆಲ್ ಎಲ್ಲಿ ಹಂಗೆ ಹತ್ತಿಕೊಳ್ಳುತ್ತೆ? ಬೀಡಿ ತುಂಡು ಹಾಕಿದ್ರೂ ಆರಿಹೋಗುತ್ತೆ," ಅಂದರು ತಿಪ್ಪೇಸ್ವಾಮಣ್ಣ, ಬೀಡಿ ಹಚ್ಚುತ್ತಾ.

ಈ ಮಾತು ಅರ್ಧ ನಿಜ, ಅದಕ್ಕೇ ಅಪಾಯ. ಪೆಟ್ರೋಲ್ ಎಂಥಾ ಚಳಿಯಲ್ಲೂ ಹತ್ತಿಕೊಳ್ಳೋ ಆವಿ ಬಿಡುತ್ತೆ, ಡೀಸೆಲ್ ಹಾಗಲ್ಲ. ಆದ್ರೆ ನಮ್ಮ ದೇಶದ ಮಾನದಂಡದಲ್ಲಿ ಡೀಸೆಲ್ಲಿನ ಫ್ಲಾಶ್ ಪಾಯಿಂಟ್, ಅಂದ್ರೆ ಕಿಡಿ ತಾಗಿದ್ರೆ ಆವಿ ಹತ್ತಿಕೊಳ್ಳೋ ಶಾಖ, ಕನಿಷ್ಠ 35 ಡಿಗ್ರಿ ಇರಬೇಕು ಅಂತಷ್ಟೇ ಇರೋದು. ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆ, ಹಿರಿಯೂರಿನ ಬಿಸಿಲು 35ಕ್ಕೆ ನಿಲ್ಲುತ್ತಾ? ಬಿಸಿಲಲ್ಲಿ ನಿಂತ ಡ್ರಮ್ಮು ಇನ್ನೂ ಕಾದಿರುತ್ತೆ. ಈಗಷ್ಟೇ ಕೆಲಸ ಮುಗಿಸಿ ಬಂದ ಟ್ರ್ಯಾಕ್ಟರಿನ ಸೈಲೆನ್ಸರ್ ಅಂತೂ ಕೇಳೋದೇ ಬೇಡ. ಇಂಜಿನ್ ಆಫ್ ಮಾಡಿ, ಸ್ವಲ್ಪ ಆರಲು ಬಿಟ್ಟು, ಬೀಡಿಯವರನ್ನು ದೂರ ಕೂರಿಸಿ ಆಮೇಲೆ ಡೀಸೆಲ್ ಹಾಕಬೇಕು.

ತಿಪ್ಪೇಸ್ವಾಮಣ್ಣ ಬೀಡಿ ಸಮೇತ ಎದ್ದು ಆ ಕಡೆ ಬೆಂಚಿಗೆ ಹೋದರು. ಅಲ್ಲಿಂದಲೇ ಕೂಗಿದರು: "ಹಂಗಾದ್ರೆ ಔಷಧಿ ಹೊಡೆಯೋ ಬ್ಯಾಟರಿ ಕ್ಯಾನ್ ಇದೆಯಲ್ಲ, ಅದರಲ್ಲಿ ಹೊಡಿ!"

ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆದ ಕ್ಯಾನಿನಲ್ಲಿ ಇಂಜಿನ್ನಿಗೆ ಡೀಸೆಲ್! ಒಳಗಿನ ರಬ್ಬರು ಡೀಸೆಲ್ಲಿಗೆ ಉಬ್ಬಿ ಕೆಡುತ್ತೆ, ತಳದಲ್ಲಿ ಉಳಿದ ನೀರು ಟ್ಯಾಂಕಿಗೆ ಹೋಗುತ್ತೆ, ಮುಂದಿನ ವಾರ ಅದೇ ಕ್ಯಾನಲ್ಲಿ ಹೊಲಕ್ಕೆ ಹೊಡೆದ್ರೆ ಬೆಳೆಯೂ ಸುಡುತ್ತೆ. ಹೊಲ, ಟ್ರ್ಯಾಕ್ಟರು, ಕ್ಯಾನು ಮೂರನ್ನೂ ಒಂದೇ ಏಟಿಗೆ ಮುಗಿಸೋ ಉಪಾಯ ಬೇರೆ ಯಾರಿಗೂ ಹೊಳೆದಿರಲಿಲ್ಲ.

ಮಂಜನ ಪ್ರಕಾರ ಇದೆಲ್ಲ ಹಳೇ ಕಾಲದ ಗೋಳು. "ಈಗ ಡೀಸೆಲ್ ಮನೆ ಬಾಗಿಲಿಗೇ ಬರುತ್ತೆ. 2018ರಲ್ಲೇ ಇಂಡಿಯನ್ ಆಯಿಲ್‌ನವರು ಪುಣೆಯಲ್ಲಿ ಶುರು ಮಾಡಿದ್ದಾರೆ."

"ಪುಣೆಯಿಂದ ಇಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತೆ?" ಅಂತ ಕೊಟ್ರೇಶ ಕೇಳಿದ. ಮಂಜ ಉತ್ತರ ಕೊಡಲಿಲ್ಲ.

ನಿಜವಾಗಿ ಕೆಲಸಕ್ಕೆ ಬರೋ ಸಾಮಾನು ಎರಡು ಇವೆ. ಒಂದು, ಕೈಯಲ್ಲಿ ತಿರುಗಿಸೋ ಪಂಪು. ಡ್ರಮ್ಮಿನ ಎರಡಿಂಚಿನ ಬಾಯಿಗೆ ನೆಟ್ಟಗೆ ಕೂರುತ್ತೆ, ಕರೆಂಟು ಬೇಡ, ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತೆ. ತೋಳು ನೋಯುತ್ತೆ ಅಷ್ಟೇ. ಇನ್ನೊಂದು, ಟ್ರ್ಯಾಕ್ಟರ್ ಬ್ಯಾಟರಿಗೇ ಕ್ಲಿಪ್ ಹಾಕಿ ಓಡಿಸೋ 12 ವೋಲ್ಟಿನ ಪಂಪು. ಇದರಲ್ಲಿ ನಿಮಿಷಕ್ಕೆ ಸುಮಾರು 40 ಲೀಟರ್ ಎತ್ತೋವು ಸಿಗುತ್ತವೆ, ಸಾಧಾರಣ ಟ್ರ್ಯಾಕ್ಟರ್ ಟ್ಯಾಂಕು ಸುಮಾರು ಒಂದೂವರೆ ನಿಮಿಷದಲ್ಲಿ ತುಂಬುತ್ತೆ. ಡೀಸೆಲ್ಲಿಗೆ ಅಂತಲೇ ಮಾಡಿದ್ದು ಕೊಳ್ಳಬೇಕು. ಮನೆ ನೀರಿನ ಮೋಟರ್ ತಂದು ಕೂರಿಸಬಾರದು. ಇಂಥ ಪಂಪನ್ನು ಪೆಟ್ರೋಲಿಗೆ ಅಪ್ಪಿತಪ್ಪಿಯೂ ಹಾಕಬಾರದು. ಕ್ಲಿಪ್ ಹಾಕುವಾಗ ಪಂಪಿನ ಸ್ವಿಚ್ ಆಫ್ ಇರಬೇಕು, ಇಲ್ಲಾಂದ್ರೆ ಅಲ್ಲೇ ಕಿಡಿ.

ಹಾಲೇಶ ಪಂಪಿನ ರೇಟು ಕೇಳಿ ಸುಮ್ಮನಾದ. ಡ್ರಮ್ಮಿಗೇ ಮನೆಯಲ್ಲಿ ಲೆಕ್ಕ ಕೊಟ್ಟಾಗಿರಲಿಲ್ಲ.

"ಅದೆಲ್ಲ ಇರಲಿ, ಮನೇಲಿ ಇಷ್ಟು ಡೀಸೆಲ್ ಇಟ್ರೆ ಪೊಲೀಸ್ರು ಬರಲ್ವಾ?" ಅಂತ ಕೊಟ್ರೇಶ ದನಿ ತಗ್ಗಿಸಿ ಕೇಳಿದ, ಬಂದರೆ ತನ್ನ ಅಂಗಡಿಯಲ್ಲೇ ಮಿರ್ಚಿ ತಿನ್ನಲಿ ಅನ್ನೋ ಆಸೆ ಮುಖದಲ್ಲಿತ್ತು. ಬರಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಡೀಸೆಲ್ ಬಿ ವರ್ಗಕ್ಕೆ ಸೇರುತ್ತೆ. ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿಲ್ಲದೆ ಇದ್ರೆ ಲೈಸೆನ್ಸ್ ಬೇಕಿಲ್ಲ. ಪೆಟ್ರೋಲಿಗೆ ಆ ಸಲಿಗೆ ಇಲ್ಲ, ಸ್ವಂತ ಬಳಕೆಗೆ 30 ಲೀಟರ್ ಮಾತ್ರ.

ನನ್ನ ಕೇಳಿದ್ರೆ ಎತ್ತೋದು ಹೇಗೆ ಅನ್ನೋದು ಚಿಕ್ಕ ಸಮಸ್ಯೆ. ಟ್ರ್ಯಾಕ್ಟರನ್ನು ಕೊಲ್ಲೋದು ನೀರು ಮತ್ತು ಕಸ. ಹಾಲೇಶ ಡ್ರಮ್ಮನ್ನು ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ. ಮೇಲಿನ ತಟ್ಟೆಯಲ್ಲಿ ಮಳೆ ನೀರು ನಿಂತಿತ್ತು. ಹಗಲು ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತೆ, ರಾತ್ರಿ ತಣ್ಣಗಾದಾಗ ಡ್ರಮ್ಮು ಗಾಳಿ ಎಳೆದುಕೊಳ್ಳುತ್ತೆ. ಬಿರಡೆ ಸ್ವಲ್ಪ ಸಡಿಲ ಇದ್ರೂ ಸಾಕು, ಗಾಳಿಯ ಬದಲು ಆ ನೀರೇ ಒಳಗೆ. ನೀರು ಭಾರ, ತಳಕ್ಕೆ ಕೂರುತ್ತೆ. ಅಲ್ಲಿ ಕ್ರಿಮಿ ಬೆಳೆದು ಕಪ್ಪು ಲೋಳೆ ಆಗುತ್ತೆ, ಲೋಳೆ ಬಂದು ಫಿಲ್ಟರಿನಲ್ಲಿ ಕೂರುತ್ತೆ. ಅದಕ್ಕೇ ಡ್ರಮ್ಮು ಸೂರಿನ ಕೆಳಗಿರಬೇಕು, ಎಳೆಯೋ ಪೈಪಿನ ತುದಿ ತಳದಿಂದ ಎರಡು ಮೂರು ಇಂಚು ಮೇಲಿರಬೇಕು. ಟ್ರ್ಯಾಕ್ಟರ್ ಟ್ಯಾಂಕನ್ನೂ ಸಂಜೆಯೇ ತುಂಬಿಸಿಡೋದು ಒಳ್ಳೇದು, ಖಾಲಿ ಟ್ಯಾಂಕಿನೊಳಗೆ ರಾತ್ರಿ ತೇವ ಹನಿಗಟ್ಟುತ್ತೆ. ಸತು ಲೇಪದ ಕೊಡ, ಬಕೆಟ್ಟಿನಲ್ಲಿ ಡೀಸೆಲ್ ಇಡಬಾರದು, ಸತುವಿನ ಜೊತೆ ಸೇರಿ ಜಿಡ್ಡಾಗುತ್ತೆ.

"ನಾನು ಪಂಚೆಯಲ್ಲಿ ಸೋಸಿಯೇ ಹಾಕೋದು," ಅಂದ ಹಾಲೇಶ ಹೆಮ್ಮೆಯಿಂದ.

ಹಳೇ ಪಂಚೆಯ ನೂಲು ಬಿಟ್ಟುಕೊಂಡು ಅದೇ ಫಿಲ್ಟರಿಗೆ ಹೋಗಿ ಕೂರುತ್ತೆ ಮಾರಾಯ. ಸಣ್ಣ ಕಣ್ಣಿನ ಜಾಲರಿ ಇರೋ ಲಾಳಿಕೆ ತಗೋಬೇಕು. ಹಾಲೇಶನದ್ದು ಹಳೇ ಗಟ್ಟಿ ಇಂಜಿನ್, ಹೇಗೋ ತಡ್ಕೊಳ್ಳುತ್ತೆ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ನಿಯಮ ಬಿಗಿಯಾದ ಮೇಲೆ ಬಂದ ಇಂಜಿನ್‌ಗಳಿಗೆ ಈ ಪಂಚೆ ಡೀಸೆಲ್ ಕುಡಿಸಿದ್ರೆ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರಿನ ಬಿಲ್ಲಿನಲ್ಲಿ ಹತ್ತಾರು ಪಂಚೆ ಬರುತ್ತೆ.

ಇಷ್ಟರಲ್ಲಿ ಹಾಲೇಶನ ಟ್ರ್ಯಾಕ್ಟರ್ ಹೊಲದ ಮಧ್ಯೆ ನಿಂತಿತು. ಅರ್ಧ ಡ್ರಮ್ಮು ಡೀಸೆಲ್ ಮನೆಯಲ್ಲಿದೆ, ಟ್ಯಾಂಕು ಮಾತ್ರ ಖಾಲಿ. ಕ್ಯಾನಿನಲ್ಲಿ ತಂದು ಹಾಕಿದ್ರೂ ಸ್ಟಾರ್ಟ್ ಆಗಲಿಲ್ಲ, ಏರ್ ಹಿಡಿದಿತ್ತು, ಅಂದ್ರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲ ಮಾಡಿ, ಟ್ಯಾಂಕಿನಿಂದ ಡೀಸೆಲ್ ಎಳೆಯೋ ಫೀಡ್ ಪಂಪಿನ ಕೈಹಿಡಿ ಒತ್ತುತ್ತಾ ಇದ್ರೆ ಮೊದಲು ನೊರೆ ಬರುತ್ತೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಹತ್ತು ನಿಮಿಷದ ಕೆಲಸ, ಆದ್ರೆ ಸುತ್ತ ನಾಲ್ಕು ಜನ ನಿಂತು ಸಲಹೆ ಕೊಟ್ಟಿದ್ದರಿಂದ ಗಂಟೆ ಹಿಡಿಯಿತು.

ಬುತ್ತಿ ತಂದಿದ್ದ ಹಾಲೇಶನ ಹೆಂಡತಿ ಗಂಗಕ್ಕ ಅಷ್ಟೂ ಹೊತ್ತು ಬದುವಿನ ಮೇಲೆ ಕೂತು ನೋಡ್ತಿದ್ದಳು. ಟ್ರ್ಯಾಕ್ಟರ್ ಶುರುವಾದ ಮೇಲೆ ಕೇಳಿದಳು: "ಅಲ್ಲಾ, ಡ್ರಮ್ಮು ಮೇಲಕ್ಕೆ ಹೋಗಲ್ಲ ಅಂದ್ರೆ ಟ್ರ್ಯಾಕ್ಟರ್ ಕೆಳಕ್ಕೆ ಇಳಿಯಬಾರದಾ?"

ಯಾರೂ ಮಾತಾಡಲಿಲ್ಲ. ಮಂಜ ಮೊಬೈಲ್ ಜೇಬಿಗಿಟ್ಟ.

ಊರ ಬಂಡಿಜಾಡು ಒಂದು ಕಡೆ ಆಳಕ್ಕೆ ಕೊರೆದು ಹೋಗಿದೆ, ಪಕ್ಕದ ಬದು ಎದೆಮಟ್ಟ ಇದೆ. ಬದುವಿನ ಮೇಲೆ ಎರಡು ಸೈಜುಗಲ್ಲಿಟ್ಟು ಖಾಲಿ ಡ್ರಮ್ಮನ್ನು ಅಡ್ಡ ಮಲಗಿಸೋದು. ಕೆಳಗಿನ ಬಾಯಿಗೆ ನಲ್ಲಿ, ಮೇಲಿನ ಬಾಯಿಯ ಬಿರಡೆ ಡೀಸೆಲ್ ಬಿಡುವಾಗ ಮಾತ್ರ ಸಡಿಲ. ಅದನ್ನು ಬಿಗಿಯಾಗಿ ಮುಚ್ಚಿದ್ರೆ ಗಾಳಿ ಸಿಗದೆ ಹರಿಯೋದು ನಿಲ್ಲುತ್ತೆ. ನಲ್ಲಿ ಇರೋ ತುದಿ ಸ್ವಲ್ಪ ಮೇಲೆ, ಹಿಂದಿನ ತುದಿ ಕೆಳಗೆ ಇದ್ರೆ ನೀರು, ಕಸ ಎಲ್ಲ ಹಿಂದೆ ಹೋಗಿ ಕೂರುತ್ತೆ. ಮೇಲೊಂದು ತಗಡಿನ ಸೂರು. ಬಂಕಿನಿಂದ ಕ್ಯಾನುಗಳಲ್ಲಿ ತಂದು ಮೇಲಿನ ಹೊಲದ ಕಡೆಯಿಂದ ತುಂಬಿಸೋದು. ಟ್ರ್ಯಾಕ್ಟರ್ ಕೆಳಗೆ ಬಂಡಿಜಾಡಿನಲ್ಲಿ ನಿಲ್ಲುತ್ತೆ, ನಲ್ಲಿ ತಿರುಗಿಸಿದ್ರೆ ಆಯ್ತು. ಕರೆಂಟಿಲ್ಲ, ಪಂಪಿಲ್ಲ, ಬಾಯಿಲ್ಲ. ಊರ ಒಲೆಗಳಿಂದಲೂ ದೂರ, ಬೋರ್‌ವೆಲ್‌ನಿಂದಲೂ ದೂರ.

ತೊಡಕು ಒಂದೇ. ಆ ಬದು ತಿಪ್ಪೇಸ್ವಾಮಣ್ಣನದ್ದು.

"ಬಾಡಿಗೆ ಗೀಡಿಗೆ ನಂಗೆ ಬೇಡಪ್ಪ," ಅಂದರು ಅವರು, ಹೊಸ ಬೀಡಿ ಹಚ್ಚದೆ ಕೈಯಲ್ಲೇ ಹೊರಳಿಸುತ್ತಾ. "ವರ್ಷಕ್ಕೆ ಎರಡು ಸಲ ನನ್ನ ಮೂರೆಕರೆಗೆ ರೋಟವೇಟರ್ ಹೊಡಿ. ಡೀಸೆಲ್ ನಿಂದೇ."

"ಅಣ್ಣ, ನಿಮಗಿಂತ ಬಂಕಿನವನೇ ಅಗ್ಗ!"

ಮೂರೆಕರೆ ಎರಡಾಯ್ತು, ಎರಡು ಸಲ ಒಂದಾಯ್ತು. ಡೀಸೆಲ್ ಯಾರದ್ದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ನಲ್ಲಿಗೆ ಬೀಗ ಹಾಕಬೇಕು, ಕೀಲಿ ಗಂಗಕ್ಕನ ಹತ್ರ ಇರಬೇಕು ಅನ್ನೋದಕ್ಕೆ ಮಾತ್ರ ಇಬ್ಬರೂ ಒಂದೇ ಮಾತಿಗೆ ಒಪ್ಪಿದರು.